ತಮ್ಮನ ಹೆಸರಿನಲ್ಲಿ ತಂದ ಪುಸ್ತಕ

ಮೊದಲ ಪಿಯುಸಿಯಲ್ಲಿದ್ದಾಗ ನಮ್ಮ ಲೈಬ್ರರಿಯಿಂದ ಪುಸ್ತಕ ತೆಗೆದುಕೊಳ್ಳಲು ನಾನೊಂದು ಸುಳ್ಳು ಹೇಳಿದ್ದೆ. ಈ ವರ್ಷ ಲೈಬ್ರರಿಯ ಜಾಗ ಬದಲಾದಾಗ ನಾವು ಮಾಡಿದ ಕೆಲಸಕ್ಕೂ ಆ ಸುಳ್ಳಿಗೂ ಸಂಬಂಧವಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಏಳನೇ ತರಗತಿಯವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ಮನೆಯಲ್ಲಿ ಎಲ್ಲರೂ ಉರ್ದು ಮಾತನಾಡುತ್ತೇವೆ. ಅಬ್ಬಾಗೆ ಬಳೆ ಅಂಗಡಿಯಿದೆ. ಅಲ್ಲಿ ಗಿರಾಕಿಗಳ ಜೊತೆ ಮಾತನಾಡಿ ನನಗೂ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮಾತನಾಡುವುದು ಬೇರೆ, ಓದುವುದು ಬೇರೆ. ಕನ್ನಡ ಪಠ್ಯದ ಒಂದು ಪುಟ ಓದಲು ಕಾಲು ಗಂಟೆ ಬೇಕಾಗುತ್ತಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದೆ. ದೊಡ್ಡ ಅಕ್ಷರದ, ಚಿಕ್ಕ ವಾಕ್ಯಗಳ ಕಥೆ ಪುಸ್ತಕ ಸಿಕ್ಕರೆ ಅಭ್ಯಾಸ ಮಾಡಬಹುದು ಅನ್ನಿಸಿತು.

ಅಂಥ ಪುಸ್ತಕಗಳು ನಮ್ಮಲ್ಲಿ ಇದ್ದವು. ಆದರೆ ಮೇಡಂ ಅವರ ಮೇಜಿನ ಎದುರಿಗೇ, "ಚಿಕ್ಕ ಮಕ್ಕಳಿಗಾಗಿ" ಎಂದು ಚೀಟಿ ಅಂಟಿಸಿದ ರ್ಯಾಕಿನಲ್ಲಿ ಇದ್ದವು. ಇಂಟರ್ವಲ್‌ನಲ್ಲಿ ಎಲ್ಲರೂ ಸಾಲಾಗಿ ನಿಲ್ಲುವ ಜಾಗ ಅದೇ. ನಾನು ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ತಮ್ಮನಿಗೆ ಮೇಡಂ" ಅಂದೆ. ಹೀಗೆ ಮೂರು ಪುಸ್ತಕ ಒಯ್ದೆ. ಮೂರನೇ ಸಲ ಮೇಡಂ, "ನಿನ್ನ ತಮ್ಮ ತುಂಬಾ ಓದ್ತಾನಲ್ಲಮ್ಮ" ಅಂದರು. ಹಿಂದೆ ನಿಂತಿದ್ದ ಯಾರೋ ನಕ್ಕರು. ಅವರು ಬೇರೆ ಯಾವುದಕ್ಕೋ ನಕ್ಕಿರಬಹುದು. ಆದರೂ ಆಮೇಲೆ ನಾನು ಆ ವರ್ಷ ಲೈಬ್ರರಿ ಕಡೆ ಹೋಗಲಿಲ್ಲ.

ಈ ಜೂನ್‌ನಲ್ಲಿ ಲೈಬ್ರರಿಯನ್ನು ಕೆಳಗಿನ ಹಳೆಯ ಕಂಪ್ಯೂಟರ್ ಲ್ಯಾಬ್ ಕೋಣೆಗೆ ತರುವುದೆಂದು ತೀರ್ಮಾನವಾಯಿತು. ಪ್ರಿನ್ಸಿಪಾಲ್ ಸರ್ ನಮ್ಮ ತರಗತಿಗೆ ಬಂದು, "ನೀವು ಲೆಕ್ಕದವರು, ಒಂದು ನಕ್ಷೆ ಮಾಡಿ ಕೊಡಿ" ಅಂದರು. ನಾವು ನಾಲ್ವರು ಟೇಪ್ ಹಿಡಿದು ಹೊರಟೆವು. ಕೋಣೆ 30 ಅಡಿ ಉದ್ದ, 20 ಅಡಿ ಅಗಲ. ಮೂರು ಅಡಿ ಅಗಲದ ಹತ್ತು ರ್ಯಾಕು, ಎರಡು ಗಾಜಿನ ಬೀರು, ಮೂರು ಮೇಜು.

ಗ್ರಾಫ್ ಹಾಳೆಯಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಚಂದದ ನಕ್ಷೆ ಬರೆದೆವು. ಮೇಡಂ ನೋಡಿ, "ರ್ಯಾಕುಗಳನ್ನು ಕಿಟಕಿಗೆ ಅಡ್ಡ ನಿಲ್ಲಿಸಿದ್ದೀರಿ. ಹಿಂದಿನ ಸಾಲಿನಲ್ಲಿ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ" ಅಂದರು. ಆಗ ಹಳೆ ಪೇಪರುಗಳನ್ನು ರ್ಯಾಕಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ, ನಡುವೆ ನಡೆದು ನೋಡಿದೆವು. ಹಾಳೆಯಲ್ಲಿ ಕಾಣದ ತಪ್ಪುಗಳೆಲ್ಲ ಅಲ್ಲಿ ಕಂಡವು. ಬಾಗಿಲು ಒಳಕ್ಕೆ ತೆರೆದರೆ ಮೊದಲ ರ್ಯಾಕಿಗೆ ಬಡಿಯುತ್ತಿತ್ತು. ಸಾಲುಗಳ ನಡುವೆ ಎರಡು ಅಡಿ ಬಿಟ್ಟರೆ, ಒಬ್ಬರು ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ಪುಸ್ತಕ ನೋಡುವಾಗ ಇನ್ನೊಬ್ಬರು ಬ್ಯಾಗ್ ಹಾಕಿಕೊಂಡು ದಾಟಲು ಆಗುತ್ತಿರಲಿಲ್ಲ. ಮೂರು ಅಡಿ ಮಾಡಿದೆವು. ರ್ಯಾಕುಗಳ ತುದಿ ಕಿಟಕಿಯ ಕಡೆಗೆ ಬರುವಂತೆ ತಿರುಗಿಸಿದಾಗ ಬೆಳಕು ಸಾಲುಗಳ ಒಳಕ್ಕೆ ಬಿತ್ತು. ಮೇಡಂ ಕುಳಿತಲ್ಲಿಂದಲೇ ಎಲ್ಲ ಸಾಲೂ ಕಾಣಿಸಿತು. ಗೋಡೆಯ ತೇವ ತಾಗದಂತೆ ರ್ಯಾಕುಗಳನ್ನು ಸ್ವಲ್ಪ ಮುಂದಕ್ಕೆ ಎಳೆದೆವು. ನೆಲ ಒರೆಸುವ ನೀರು ಸಿಡಿಯುವುದರಿಂದ ಕೆಳಗಿನ ಹಲಗೆ ಖಾಲಿ ಬಿಟ್ಟೆವು.

ಎಸ್. ಆರ್. ರಂಗನಾಥನ್ ಅವರ ಬಗ್ಗೆ ಮೇಡಂ ಹೇಳಿದ್ದು ಆ ದಿನಗಳಲ್ಲೇ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಒಂದು ಕೇಂದ್ರ ಆರಂಭಿಸಿದರು. ಪುಸ್ತಕ ಕೈಗೆ ಸಿಗಬೇಕೇ ಹೊರತು ಕಾಯ್ದಿಡುವುದಕ್ಕಲ್ಲ ಎಂಬುದು ಅವರ ಮೊದಲ ಸೂತ್ರದ ಸಾರ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರಂತೆ. ನಮಗೆ ತಕ್ಷಣ ನೆನಪಾದದ್ದು ನಮ್ಮ ಗಾಜಿನ ಬೀರುಗಳ ಬೀಗ. ಅದರೊಳಗಿನ ಪುಸ್ತಕಗಳನ್ನು ಹೊರಗೆ ತಂದೆವು. ಈಗ ಆ ಬೀರುಗಳಲ್ಲಿ ಹಳೆ ಪ್ರಶ್ನೆಪತ್ರಿಕೆಗಳಿವೆ, ಬೀಗವಿಲ್ಲ.

ಉಳಿದದ್ದು ಒಂದೇ ಪ್ರಶ್ನೆ: "ಚಿಕ್ಕ ಮಕ್ಕಳಿಗಾಗಿ" ರ್ಯಾಕು ಎಲ್ಲಿ? ಗೆಳತಿಯರು ಮೊದಲಿನ ಹಾಗೇ ಬಾಗಿಲ ಹತ್ತಿರ ಇರಲಿ ಅಂದರು. ನಾನು ಸುಮ್ಮನಿದ್ದೆ.

ಆ ಸಂಜೆ ಅಂಗಡಿಯಲ್ಲಿ ಕುಳಿತಾಗ ಅಬ್ಬಾ ಬಳೆಗಳನ್ನು ಜೋಡಿಸುತ್ತಿದ್ದರು. ಗಿರಾಕಿ ಕೇಳುವುದು ಬಣ್ಣವಾದರೂ ಅಬ್ಬಾ ಮೊದಲು ಇಡುವುದು ಅಳತೆಯ ಪ್ರಕಾರ. ಕೈಗೆ ಏರದ ಬಳೆ ಎಷ್ಟು ಚಂದವಿದ್ದರೇನು? 2-4, 2-6, 2-8 ಹೆಚ್ಚು ಹೋಗುವ ಅಳತೆಗಳು. 2-10 ಕೇಳುವವರು ಕಡಿಮೆ. ಆದರೂ ಅಬ್ಬಾ ಅದನ್ನು ಒಳಗೆ ಇಡದೆ ಅದೇ ಸಾಲಿನಲ್ಲಿ ಇಡುತ್ತಾರೆ. ಯಾಕೆಂದು ಕೇಳಿದೆ. "ದಪ್ಪ ಕೈಯವರು ಎಲ್ಲರೆದುರು ಅಳತೆ ಹೇಳಲು ನಾಚುತ್ತಾರೆ ಬೇಟಾ. ಒಂದು ಸಲ ನಾಚಿದವರು ಮತ್ತೆ ಅಂಗಡಿಗೆ ಬರುವುದಿಲ್ಲ" ಅಂದರು.

ಮರುದಿನ ಮೇಡಂಗೆ ನಿಜ ಹೇಳಿದೆ. ಆ ಮೂರು ಪುಸ್ತಕ ಓದಿದ್ದು ನಾನೇ ಎಂದೆ. ಅವರು ನಕ್ಕು, "ನಾಲ್ಕನೇ ಕ್ಲಾಸಿನ ಹುಡುಗ ಒಂದು ಪುಟಕ್ಕೂ ಗೀಚದೆ ಪುಸ್ತಕ ವಾಪಸ್ ಕೊಡುತ್ತಾನಾ? ಆಗಲೇ ಅನುಮಾನ ಇತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದರು.

ಚೀಟಿಯೇ ಬೇಡ ಅಂದೆ ನಾನು. ಚೀಟಿ ಇಲ್ಲದಿದ್ದರೆ ಬೇಕಾದವರಿಗೆ ಗೊತ್ತಾಗುವುದು ಹೇಗೆ ಎಂದು ಮೇಡಂ ಕೇಳಿದರು. ಅದೂ ಸರಿಯೇ. ಕೊನೆಗೆ ಕಿಟಕಿಯ ಪಕ್ಕದ ರ್ಯಾಕಿನಲ್ಲಿ, ಕೈಗೆಟುಕುವ ಎರಡು ಹಲಗೆಗಳ ಮೇಲೆ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಭಾಷೆಯ ತೆಳು ಪುಸ್ತಕಗಳನ್ನು ಒಟ್ಟಿಗೆ ಇಟ್ಟೆವು. ಚೀಟಿಯಲ್ಲಿ "ಅರ್ಧ ಗಂಟೆಯಲ್ಲಿ ಓದಬಹುದಾದ ಪುಸ್ತಕಗಳು" ಎಂದು ಬರೆದೆವು. ಚೀಟಿ ಪುಸ್ತಕ ಎಂಥದ್ದು ಎಂದು ಹೇಳಿದರೆ ಸಾಕು, ಓದುವವರು ಎಂಥವರು ಎಂದು ಹೇಳಬೇಕಾಗಿಲ್ಲ.

ಎಲ್ಲವೂ ನಾವು ಎಣಿಸಿದಂತೆ ಆಗಿಲ್ಲ. ಉರ್ದು ಪುಸ್ತಕಗಳ ಸಂಖ್ಯೆಯನ್ನು ಬಲದಿಂದ ಎಡಕ್ಕೆ ಜೋಡಿಸಿದ್ದೆವು. ವಾಪಸ್ ಇಡುವವರು ಎಡದಿಂದ ಇಡುತ್ತಾರೆ, ವಾರಕ್ಕೊಮ್ಮೆ ಸರಿಪಡಿಸಬೇಕು. ಆದರೆ ಆ ಎರಡು ಹಲಗೆಗಳು ಸಂಜೆಯ ಹೊತ್ತಿಗೆ ಅರ್ಧ ಖಾಲಿಯಾಗಿರುತ್ತವೆ. ಉರ್ದು ಬಾರದ ಒಬ್ಬಳು ಗೆಳತಿ ಉರ್ದು ಅಕ್ಷರ ಕಲಿಯುವ ಪುಸ್ತಕ ಒಯ್ದಿದ್ದಾಳೆ. ನಾನು ಈಗ ನೂರು ಪುಟದ ಕನ್ನಡ ಕಥಾಸಂಕಲನ ಓದುತ್ತಿದ್ದೇನೆ. ನಿಧಾನವಾಗಿಯೇ, ಆದರೆ ನನ್ನ ಹೆಸರಿನಲ್ಲೇ.

ಸ್ನೇಹಿತರೇ, ಲೈಬ್ರರಿಯಲ್ಲಿ ಯಾವುದಾದರೂ ಪುಸ್ತಕ ಕೈಗೆ ಸಿಗದಿದ್ದರೆ, ಅಥವಾ ಕೇಳಲು ಸಂಕೋಚವಾದರೆ, ಒಂದು ಚೀಟಿ ಬರೆದು ಮೇಡಂ ಮೇಜಿನ ಮೇಲಿಡಿ. ಹೆಸರು ಬರೆಯಬೇಕಾಗಿಲ್ಲ. ರ್ಯಾಕುಗಳನ್ನು ಇನ್ನೊಮ್ಮೆ ಸರಿಸಲು ನಾವು ನಾಲ್ವರೂ ಸಿದ್ಧ.