ಬೇಸಿಗೆಯಲ್ಲಿ ಗೆದ್ದ ಚಳಿಗಾಲ

1980ರ ಫೆಬ್ರುವರಿ 21. ಅಮೆರಿಕದ ಲೇಕ್ ಪ್ಲಾಸಿಡ್ ಎಂಬ ಪುಟ್ಟ ಊರಿನಲ್ಲಿ ಚಳಿಗಾಲದ ಒಲಿಂಪಿಕ್ಸ್. 1,500 ಮೀಟರ್ ಸ್ಪೀಡ್ ಸ್ಕೇಟಿಂಗ್ ನಡೆದಿತ್ತು. ಅದಾಗಲೇ ಮೂರು ಚಿನ್ನದ ಪದಕ ಗೆದ್ದಿದ್ದ ಇಪ್ಪತ್ತೊಂದರ ತರುಣ ಎರಿಕ್ ಹೈಡನ್ ತಿರುವೊಂದರಲ್ಲಿ ತಟ್ಟನೆ ಜಾರಿದ. ಕಾಲ ಕೆಳಗೆ ಮಂಜುಗಡ್ಡೆ, ಬೂಟಿನಡಿ ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ಅಲಗು, ವೇಗ ಗಂಟೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಹೀಗಿರುವಾಗ ಜಾರಿದವನು ಬೀಳುವುದೇ ಹೆಚ್ಚು. ಹೈಡನ್ ಬೀಳಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಸಾವರಿಸಿಕೊಂಡು, ಲಯ ಕೆಡದಂತೆ ಮುಂದೆ ಸಾಗಿದ. 1 ನಿಮಿಷ 55.44 ಸೆಕೆಂಡಿಗೆ ಗುರಿ ಮುಟ್ಟಿ ನಾಲ್ಕನೆಯ ಚಿನ್ನವನ್ನೂ ಗೆದ್ದ.

ಆ ಕ್ಷಣದಲ್ಲಿ ಅವನನ್ನು ಎತ್ತಿ ಹಿಡಿದದ್ದು ಯಾವುದು? ಅದೃಷ್ಟ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಉತ್ತರವನ್ನು ಹುಡುಕಬೇಕಾದದ್ದು ಆ ಫೆಬ್ರುವರಿಯಲ್ಲಲ್ಲ; ಅದಕ್ಕೂ ಹಿಂದಿನ ಬೇಸಿಗೆಗಳಲ್ಲಿ.

ಹೈಡನ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಹುಡುಗ. 1976ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೆ ಹೋದಾಗ 1,500 ಮೀಟರಿನಲ್ಲಿ ಏಳನೆಯವನಾಗಿ, 5,000 ಮೀಟರಿನಲ್ಲಿ ಹತ್ತೊಂಬತ್ತನೆಯವನಾಗಿ ಬರಿಗೈಯಲ್ಲಿ ಮರಳಿದ್ದ. ಅವನ ತರಬೇತುಗಾರ್ತಿ ಡಯಾನ್ ಹೋಲಮ್. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಸ್ವತಃ ಚಿನ್ನ ಗೆದ್ದಿದ್ದಾಕೆ. ಅವರ ಊರಿನಲ್ಲಿ ವರ್ಷಪೂರ್ತಿ ಮಂಜುಗಡ್ಡೆ ಇರುತ್ತಿರಲಿಲ್ಲ. ಕೃತಕವಾಗಿ ಹಿಮಗಟ್ಟಿಸಿದ 400 ಮೀಟರಿನ ಅಂಕಣ ಬೇಕೆಂದರೆ ನೂರು ಕಿಲೋಮೀಟರಿಗೂ ದೂರದ ವೆಸ್ಟ್ ಆಲಿಸ್‌ಗೆ ಹೋಗಬೇಕಿತ್ತು. ಬೇಸಿಗೆ ಬಂತೆಂದರೆ ಸ್ಕೇಟಿಂಗ್‌ಗೆ ರಜೆ. ಆದರೆ ಸ್ಕೇಟರ್‌ಗೆ ರಜೆಯಿಲ್ಲ.

ಮಂಜುಗಡ್ಡೆಯಿಲ್ಲದೆ ಸ್ಕೇಟಿಂಗ್ ಕಲಿಯುವುದು ಹೇಗೆ? ಈಜುವವನಿಗೆ ನೀರಿಲ್ಲದಂತೆ! ಇದಕ್ಕೆ ಸ್ಕೇಟರ್‌ಗಳು ಕಂಡುಕೊಂಡಿರುವ ದಾರಿಗಳು ನೋಡಲು ತಮಾಷೆ, ಮಾಡಲು ಕಠಿಣ. ಸೊಂಟ ಬಗ್ಗಿಸಿ, ಮಂಡಿ ಮಡಚಿ, ಕುರ್ಚಿಯಿಲ್ಲದ ಕುರ್ಚಿಯಲ್ಲಿ ಕುಳಿತವರಂತೆ ಬಾತುಕೋಳಿ ನಡಿಗೆಯಲ್ಲಿ ಸಾಗುವುದು ಒಂದು. ನುಣುಪಾದ ಹಲಗೆಯ ಎರಡೂ ತುದಿಗೆ ತಡೆ ಇಟ್ಟು, ಬೂಟಿನ ಮೇಲೆ ಕಾಲುಚೀಲ ತೊಟ್ಟು, ಆ ತುದಿಯಿಂದ ಈ ತುದಿಗೆ ಜಾರುವುದು ಇನ್ನೊಂದು. ಇದಕ್ಕೆ ಸ್ಲೈಡ್ ಬೋರ್ಡ್ ಎಂದು ಹೆಸರು. ಇವುಗಳ ಜೊತೆಗೆ ಓಟ, ಭಾರ ಎತ್ತುವುದು, ಮೈಲಿಗಟ್ಟಲೆ ಸೈಕಲ್ ತುಳಿಯುವುದು. ಅಲ್ಲಿ ಚಪ್ಪಾಳೆಯಿಲ್ಲ, ಪದಕವಿಲ್ಲ, ಗೋಡೆ ಮುಟ್ಟಿ ಮತ್ತೆ ಹಿಂದಕ್ಕೆ ಬರುವುದಷ್ಟೇ.

ಬೆವರು ಹರಿದರೆ ಸಾಲದು. ಆ ಹಲಗೆಯ ಮೇಲೆ ಸಣ್ಣ ಸಣ್ಣ ಸಂಗತಿಗಳೇ ಮುಖ್ಯ. ತೊಡೆಯ ಕೋನ ಎಷ್ಟು? ಕಣಕಾಲು ಒಳಕ್ಕೆ ವಾಲುತ್ತಿದೆಯೆ? ತಳ್ಳುವುದು ಪಕ್ಕಕ್ಕೋ, ಹಿಂದಕ್ಕೋ? ಓಟಗಾರನಂತೆ ಹಿಂದಕ್ಕೆ ತಳ್ಳಿದರೆ ಸ್ಕೇಟರ್‌ನ ಶಕ್ತಿ ವ್ಯರ್ಥ. ಅವನ ವೇಗ ಹುಟ್ಟುವುದು ಪಕ್ಕಕ್ಕೆ ತಳ್ಳಿದಾಗ. ದಣಿದ ದೇಹ ತನ್ನಷ್ಟಕ್ಕೆ ತಾನೇ ನೆಟ್ಟಗಾಗಲು ನೋಡುತ್ತದೆ. ನೆಟ್ಟಗಾಯಿತೋ, ಎದುರುಗಾಳಿ ಎದೆಗೆ ಹೊಡೆದು ವೇಗ ಕುಸಿಯಿತು. ಆದ್ದರಿಂದ ತೊಡೆ ಉರಿಯುತ್ತಿರುವಾಗಲೂ ತಗ್ಗಿಯೇ ಇರುವುದನ್ನು ಕಲಿಯಬೇಕು. ಬೇಸಿಗೆಯಲ್ಲಿ ಸಾವಿರ ಸಲ ತಪ್ಪು ಮಾಡಿದರೆ ಆ ತಪ್ಪೂ ಅಷ್ಟೇ ಚೆನ್ನಾಗಿ ರೂಢಿಯಾಗುತ್ತದೆ. ಶಿಸ್ತು ಎಂದರೆ ಬೆಳಿಗ್ಗೆ ಬೇಗ ಏಳುವುದಷ್ಟೇ ಅಲ್ಲ. ನೂರನೆಯ ಸಲವೂ ಮೊದಲ ಸಲದಷ್ಟೇ ಸರಿಯಾಗಿ ಮಾಡುವುದು.

ಇಂಥ ನಾಲ್ಕು ಬೇಸಿಗೆಗಳು ಕಳೆದವು. 1977ರಲ್ಲಿ ಹೈಡನ್ ವಿಶ್ವ ಚಾಂಪಿಯನ್ ಆದ. ಮುಂದಿನ ಎರಡು ವರ್ಷವೂ ಅವನದೇ ಗೆಲುವು. ಲೇಕ್ ಪ್ಲಾಸಿಡ್‌ನಲ್ಲಿ 500 ಮೀಟರಿನಿಂದ ಹಿಡಿದು 10,000 ಮೀಟರಿನವರೆಗೆ ಪುರುಷರ ಐದೂ ಸ್ಪರ್ಧೆಗಳಲ್ಲಿ ಒಂಬತ್ತು ದಿನಗಳೊಳಗೆ ಚಿನ್ನ. ನೂರು ಮೀಟರ್ ಓಟವನ್ನೂ ದೂರದ ಓಟವನ್ನೂ ಒಬ್ಬನೇ ಗೆದ್ದಂತೆ ಅದು.

ಕೊನೆಯ ಸ್ಪರ್ಧೆಯ ಕಥೆ ಕೇಳುವಂಥದ್ದು. ಹಿಂದಿನ ರಾತ್ರಿ ಅಮೆರಿಕ–ಸೋವಿಯತ್ ಒಕ್ಕೂಟದ ನಡುವೆ ಐಸ್ ಹಾಕಿ ಪಂದ್ಯ. ಮ್ಯಾಡಿಸನ್‌ನ ಗೆಳೆಯರೂ ತಂಡದಲ್ಲಿದ್ದರು. ಅಮೆರಿಕ ಅಚ್ಚರಿಯ ಗೆಲುವು ಪಡೆಯಿತು. ಆ ಸಡಗರದಲ್ಲಿ ಹೈಡನ್‌ಗೆ ತಡವಾಗಿ ನಿದ್ದೆ. ಬೆಳಿಗ್ಗೆ ಎಚ್ಚರವಾದಾಗ ಹೊತ್ತು ಮೀರಿತ್ತು. ಬ್ರೆಡ್ಡಿನ ಚೂರು ತಿನ್ನುತ್ತಲೇ ಅಂಕಣಕ್ಕೆ ಧಾವಿಸಿದ. ಅಲ್ಲಿ 14 ನಿಮಿಷ 28.13 ಸೆಕೆಂಡುಗಳಲ್ಲಿ ಓಡಿ, ಹಳೆಯ ವಿಶ್ವದಾಖಲೆಯನ್ನು ಆರು ಸೆಕೆಂಡಿಗೂ ಹೆಚ್ಚು ಅಂತರದಿಂದ ಮುರಿದ! ಹಾಗೆಂದು ಪರೀಕ್ಷೆಯ ಹಿಂದಿನ ರಾತ್ರಿ ಪಂದ್ಯ ನೋಡಬಹುದು ಎಂದು ಯಾರೂ ತಿಳಿಯಬೇಕಿಲ್ಲ. ವರ್ಷಗಟ್ಟಲೆ ಕಟ್ಟಿದ್ದನ್ನು ಒಂದು ರಾತ್ರಿ ಕೆಡವಲಾರದು. ಹಾಗೆಯೇ ವರ್ಷಗಟ್ಟಲೆ ಕಟ್ಟದೆ ಬಿಟ್ಟದ್ದನ್ನು ಒಂದು ರಾತ್ರಿ ಕಟ್ಟಲೂ ಆರದು.

ಆ ಶಿಸ್ತು ಮಂಜುಗಡ್ಡೆಯ ಮೇಲೇ ಉಳಿಯಲಿಲ್ಲ. ಬೇಸಿಗೆಯ ಸೈಕಲ್ ಹೈಡನ್‌ನನ್ನು 1986ರ ಟೂರ್ ಡಿ ಫ್ರಾನ್ಸ್‌ವರೆಗೆ ಒಯ್ದಿತು. 1991ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ವೈದ್ಯ ಪದವಿ ಪಡೆದು, ತಂದೆಯಂತೆಯೇ ಮೂಳೆ ಶಸ್ತ್ರಚಿಕಿತ್ಸಕನಾದ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಹೋದಾಗ ಅವರು ಅಮೆರಿಕದ ಸ್ಪೀಡ್ ಸ್ಕೇಟಿಂಗ್ ತಂಡದ ಡಾಕ್ಟರು.

ಫಲಿತಾಂಶದ ದಿನ ಅಂಕಪಟ್ಟಿಯ ಮೇಲೆ ಎಲ್ಲರ ಕಣ್ಣು. ಮಗ ತಪ್ಪಾದ ಲೆಕ್ಕವನ್ನು ಅಳಿಸಿ ಇನ್ನೊಮ್ಮೆ ಮಾಡಿದ ಸಂಜೆ, ಮಗಳು ಅರ್ಥವಾಗದ ಪಾಠಕ್ಕೆ ಮತ್ತೆ ಹಿಂದಿರುಗಿದ ದಿನ ಮನೆಯಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ತಿರುವಿನಲ್ಲಿ ಕಾಲು ಜಾರಿದಾಗ ಮೈಯನ್ನು ನಿಲ್ಲಿಸುವುದು ಆ ಸಂಜೆಗಳೇ.