ಮಗುವಿನ ಎತ್ತರಕ್ಕೆ ಕಟ್ಟಿದ ಶಾಲೆ

ಶಿಕಾಗೊ ಎಂದೊಡನೆ ನಮ್ಮವರ ನೆನಪಿಗೆ ಬರುವುದು 1893ರ ಸರ್ವಧರ್ಮ ಸಮ್ಮೇಳನ. ಮಗಳ ಮನೆಗೆಂದು ಆ ನಗರಕ್ಕೆ ಹೋದ ನಾನು ಸಮ್ಮೇಳನ ನಡೆದ ಸ್ಥಳವನ್ನು ಕಂಡು ಬಂದ ಮೇಲೆ, ಇನ್ನೇನು ನೋಡಬೇಕೆಂದು ಅಳಿಯಂದಿರು ಕೇಳಿದರು. ಒಂದು ಪ್ರಾಥಮಿಕ ಶಾಲೆಯನ್ನು ತೋರಿಸಿರಿ ಎಂದೆ. ಅವರಿಗೆ ನಗೆ ಬಂದಿತು. ಆದರೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠ ಹೇಳಿಕೊಂಡು ಬಂದವನಿಗೆ ಪರವೂರಿನ ಶಾಲೆಯ ದರ್ಶನವೂ ಒಂದು ಯಾತ್ರೆಯೇ ಅಲ್ಲವೆ?

ನಾನು ಹೆಸರು ಹೇಳಿದ ಶಾಲೆ ಕ್ರೋ ಐಲೆಂಡ್. ಅದು ಇರುವುದು ಶಿಕಾಗೊದ ಉತ್ತರಕ್ಕೆ, ಮಿಶಿಗನ್ ಸರೋವರದ ದಂಡೆಯ ವಿನೆಟ್ಕಾ ಎಂಬ ಉಪನಗರದಲ್ಲಿ. ಜನಸಂಖ್ಯೆ ಹನ್ನೆರಡು ಹದಿಮೂರು ಸಾವಿರ. ನಮ್ಮ ಒಂದು ಹೋಬಳಿ ಕೇಂದ್ರದಷ್ಟು. ಆದರೆ ಐಶ್ವರ್ಯದಲ್ಲಿ ಆ ದೇಶದ ಅಗ್ರಗಣ್ಯ ಊರುಗಳಲ್ಲೊಂದು. ಉಪನಗರದ ರೈಲಿನಿಂದಿಳಿದು, ದೊಡ್ಡ ಮರಗಳ ನೆರಳಿನಲ್ಲಿ ನಿಧಾನವಾಗಿ ನಡೆದು ಹೋದೆವು. ಶಾಲೆಯ ಬದಿಗೇ ಒಂದು ಸಣ್ಣ ಕಾಡು. ಅದರ ನಡುವೆ ತಗ್ಗಾದ, ಒಂದೇ ಅಂತಸ್ತಿನ ಇಟ್ಟಿಗೆಯ ಕಟ್ಟಡ. ಅದಕ್ಕೊಂದು ಗಡಿಯಾರದ ಗೋಪುರ. ಕಂಬಗಳ ಸಾಲಿಲ್ಲ, ಕಮಾನಿಲ್ಲ, ಎತ್ತರದ ಮೆಟ್ಟಿಲುಗಳಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಸುಟ್ಟ ಮಣ್ಣಿನ ಪ್ರಾಣಿಗಳ ಶಿಲ್ಪಗಳಿವೆ. ಇಷ್ಟೇನೆ ಎಂದರು ಅಳಿಯಂದಿರು.

ಅಂದು ಭಾನುವಾರ. ಶಾಲೆಯ ದಿನವಾಗಿದ್ದರೂ ನಮ್ಮಂಥ ದಾರಿಹೋಕರಿಗೆ ಒಳಗೆ ಪ್ರವೇಶವಿರುತ್ತಿರಲಿಲ್ಲ. ಅದಕ್ಕೆ ಕಾರಣವೂ ಉಂಟು. 1988ರ ಮೇ 20ರಂದು ಇದೇ ಊರಿನ ಹಬ್ಬರ್ಡ್ ವುಡ್ಸ್ ಎಂಬ ಮತ್ತೊಂದು ಶಾಲೆಗೆ ಬಂದೂಕು ಹಿಡಿದ ಮಹಿಳೆಯೊಬ್ಬಳು ನುಗ್ಗಿ ಗುಂಡು ಹಾರಿಸಿ, ಎಂಟು ವರ್ಷದ ಬಾಲಕನೊಬ್ಬ ಪ್ರಾಣಬಿಟ್ಟ; ಐವರು ಮಕ್ಕಳು ಗಾಯಗೊಂಡರು. ಬಾಗಿಲು ಮುಚ್ಚಿದ್ದನ್ನು ಕಂಡು ಬೇಸರಿಸುವ ಹಕ್ಕು ಯಾತ್ರಿಕನಿಗೆ ಎಲ್ಲಿಯದು? ನಾವು ಸುತ್ತಲೂ ನಡೆದು ಹೊರಗಿನಿಂದಲೇ ನೋಡಿದೆವು. ಒಳಗಿನ ವಿಷಯವನ್ನು ಓದಿ ತಿಳಿದಿದ್ದೆ.

ಈ ಕಟ್ಟಡ ತೆರೆದದ್ದು 1940ರಲ್ಲಿ. ಫಿನ್ಲೆಂಡಿನಿಂದ ಬಂದು ನೆಲೆಸಿದ್ದ ಪ್ರಸಿದ್ಧ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್, ಅವರ ಮಗ ಈರೊ, ಇವರೊಡನೆ ಶಿಕಾಗೊದ ತರುಣರಾದ ಪರ್ಕಿನ್ಸ್, ವೀಲರ್, ವಿಲ್ ಎಂಬುವರು ಕೂಡಿ ಇದನ್ನು ರೂಪಿಸಿದರು. (ಸೇಂಟ್ ಲೂಯಿಸ್ ನಗರದ ಮಹಾ ಕಮಾನನ್ನು ಮುಂದೆ ರಚಿಸಿದಾತನೂ ಈ ಈರೊ ಅವರೇ.) ನಕ್ಷೆ ಬರೆಯುವ ಮುನ್ನ ಪರ್ಕಿನ್ಸ್ ಅವರು ಊರಿನ ತರಗತಿಗಳಲ್ಲಿ ಹೋಗಿ ಕುಳಿತರು, ಮಕ್ಕಳು ಹೇಗೆ ಓಡಾಡುತ್ತಾರೆ, ಎಲ್ಲಿ ಗುಂಪುಗೂಡುತ್ತಾರೆ ಎಂಬುದನ್ನು ನೋಡುತ್ತಿದ್ದರು. ಉಪಾಧ್ಯಾಯರನ್ನೂ ಕಸ ಗುಡಿಸುವವರನ್ನೂ ಕೇಳಿದರು. ಫ್ರಾನ್ಸಿಸ್ ಪ್ರೆಸ್ಲರ್ ಎಂಬ ಅಧ್ಯಾಪಕಿ ಶಿಲ್ಪಿಗಳಿಗೆ ಒಂದು ಪತ್ರವನ್ನೇ ಬರೆದರು: ಶಾಲೆ ತೀರಾ ಸುಂದರವಾಗಿರಬಾರದು, ಹಾಗಾದರೆ ಮಕ್ಕಳು ಅದನ್ನು ಬಳಸುವುದರ ಬದಲು ಕಾಪಾಡುವುದಕ್ಕೇ ನಿಲ್ಲಬೇಕಾದೀತು ಎಂಬುದು ಅವರ ಮಾತಿನ ತಾತ್ಪರ್ಯ. ಬಳಸುವ ಕೈಯನ್ನು ಬಲ್ಲವರಷ್ಟೇ ಆಡಬಹುದಾದ ಮಾತು ಅದು.

ಫಲವೇನು? ಪ್ರತಿಯೊಂದು ತರಗತಿಯೂ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದೆ. ದೊಡ್ಡ ಭಾಗದಲ್ಲಿ ಪಾಠ. ಮೂಲೆಯ ಚಿಕ್ಕ ಭಾಗದಲ್ಲಿ ಕೈಕೆಲಸ, ನೀರಿನ ತೊಟ್ಟಿ, ಶೌಚಾಲಯ. ಮೂತ್ರಕ್ಕೆ ಹೋಗಲು ಮಗು ಕೈಯೆತ್ತಿ ನಿಂತು ದೀರ್ಘ ಪಡಸಾಲೆಯನ್ನು ದಾಟಬೇಕಿಲ್ಲ. ಪ್ರತಿ ಕೋಣೆಗೂ ಹೊರಬಾಗಿಲು, ಅದರಾಚೆ ತನ್ನದೇ ಒಂದು ಅಂಗಳ. ಅಂದಿನ ಶಾಲೆಗಳ ಸೂರು ಹನ್ನೆರಡು ಅಡಿ ಇದ್ದರೆ ಇಲ್ಲಿ ಒಂಬತ್ತೇ ಅಡಿ. ದೀಪದ ಗುಂಡಿ, ಬಾಗಿಲ ಹಿಡಿ ಎಲ್ಲವೂ ಮಗುವಿನ ಕೈಗೆ ಎಟುಕುವಂತಿವೆ. ಗೋಡೆಗೆ ಮರದ ಹಲಗೆ ಹೊದಿಸಿರುವುದು ಅಲಂಕಾರಕ್ಕಲ್ಲ, ಮಕ್ಕಳು ಬರೆದುದನ್ನು ಮೊಳೆಯಿಂದ ಸಿಕ್ಕಿಸಲೆಂದು. ಸಭಾಂಗಣದ ಆಸನಗಳಂತೂ ನನ್ನ ಮನಸ್ಸಿನಿಂದ ಹೋಗವು: ಮುಂದಿನ ಸಾಲು ಅತಿ ಚಿಕ್ಕದು, ಹಿಂದೆ ಹೋದಂತೆ ದೊಡ್ಡದು. ಐದು ವರ್ಷದ ಕೂಸಿನ ಕಾಲು ಕೂಡ ನೆಲಕ್ಕೆ ತಾಗಬೇಕೆಂಬ ಎಣಿಕೆ. ಕೆಳಗಿನ ಅಂತಸ್ತಿನಲ್ಲಿ, ಕಾಡು ಕಡಿದು ನೆಲೆನಿಂತ ಹಳೆಯ ವಲಸಿಗರ ಮರದ ಮನೆಯಂತೆಯೇ ಒಂದು ಕೋಣೆ ಮಾಡಿದ್ದಾರೆ. ಇತಿಹಾಸದ ಆ ಪಾಠವನ್ನು ಮಕ್ಕಳು ಅಲ್ಲಿ ಬಾಳಿ ಕಲಿಯುತ್ತಾರೆ. 1990ರಲ್ಲಿ ಅಮೆರಿಕದ ಸರ್ಕಾರ ಈ ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿಸಿತು.

ಆದರೆ ಇಟ್ಟಿಗೆಗಿಂತ ಮೊದಲು ಇಲ್ಲಿ ಒಂದು ವಿಚಾರವಿತ್ತು. 1919ರಿಂದ 1943ರವರೆಗೆ ಈ ಊರಿನ ಶಾಲೆಗಳ ಅಧಿಕಾರಿಯಾಗಿದ್ದವರು ಕಾರ್ಲ್‌ಟನ್ ವಾಷ್‌ಬರ್ನ್. ಓದು, ಬರಹ, ಲೆಕ್ಕ ಇವುಗಳಲ್ಲಿ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿಯೇ ಸಾಗಬೇಕೆಂದು ಅವರು ವ್ಯವಸ್ಥೆ ಮಾಡಿದರು. ತಾನೇ ಮಾಡಿ, ತಾನೇ ತಿದ್ದಿಕೊಳ್ಳುವ ಅಭ್ಯಾಸ ಪುಸ್ತಕಗಳು; ಸಿದ್ಧವಾದಾಗ ಪರೀಕ್ಷೆ; ಒಂದು ಘಟ್ಟ ಗಟ್ಟಿಯಾದ ಮೇಲೆಯೇ ಮುಂದಿನದು. ನಪಾಸಾಗಿ ಇಡೀ ವರ್ಷ ಹಿಂದೆ ಉಳಿಯುವ ಪದ್ಧತಿಯನ್ನು ಕೈಬಿಟ್ಟರು. ಮಿಕ್ಕ ಹೊತ್ತು ನಾಟಕ, ಸಂಗೀತ, ಚಿತ್ರ, ಕೈಗಾರಿಕೆ. ಅಲ್ಲಿ ಎಲ್ಲರೂ ಕೂಡಿಯೇ ದುಡಿಯಬೇಕು. ಇದನ್ನು ವಿನೆಟ್ಕಾ ಯೋಜನೆ ಎನ್ನುತ್ತಾರೆ. ಈ ವಾಷ್‌ಬರ್ನ್ ಲೋಕಸಂಚಾರ ಮಾಡುತ್ತ ಭಾರತಕ್ಕೂ ಬಂದು, ಸ್ವರಾಜ್ಯ ಬಂದ ಮೇಲೆ ಶಿಕ್ಷಣದ ಗುರಿ ಏನೆಂದು ಗಾಂಧೀಜಿಯವರನ್ನು ಕೇಳಿದ್ದರು. ಶೀಲದ ನಿರ್ಮಾಣ ಎಂದು ಮಹಾತ್ಮರು ಉತ್ತರಿಸಿದುದನ್ನು 1932ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ನನಗೆ ಈ ಪದ್ಧತಿ ತೀರಾ ಅಪರಿಚಿತವೆನಿಸಲಿಲ್ಲ. ಮಠದ ಪಾಠಶಾಲೆಯಲ್ಲಿ ನಮ್ಮ ಗುರುಗಳು ಒಬ್ಬೊಬ್ಬರನ್ನೇ ಬಳಿಗೆ ಕರೆದು, ಹಿಂದಿನ ಪಾಠ ಒಪ್ಪಿಸಿಕೊಂಡ ಮೇಲೆಯೇ ಹೊಸ ಪಾಠ ಕೊಡುತ್ತಿದ್ದರು. ಅಮರಕೋಶದಲ್ಲಿ ನನ್ನ ಪಕ್ಕದವನು ಎರಡನೆಯ ಕಾಂಡದಲ್ಲಿದ್ದರೆ ನಾನು ಮೊದಲನೆಯದರಲ್ಲಿಯೇ ಇದ್ದೆ. ಅದನ್ನು ಅನುತ್ತೀರ್ಣವೆಂದು ಯಾರೂ ಕರೆಯಲಿಲ್ಲ. ಆದರೆ ಚಳಿಗಾಲದ ಬೆಳಗಿನ ಜಾವ ಹಾಸುಗಲ್ಲಿನ ಮೇಲೆ ಕುಳಿತ ಹುಡುಗರ ಮೈಗೆ ಏನಾಗುತ್ತದೆಂಬುದನ್ನು ಮಾತ್ರ ಆ ಕಾಲ ಯೋಚಿಸಲಿಲ್ಲ.

ವಿನೆಟ್ಕಾವನ್ನು ಹೊಗಳುವಷ್ಟಕ್ಕೇ ನಿಲ್ಲುವಂತಿಲ್ಲ. ಇದು ಖಾಸಗಿ ಶಾಲೆಯಲ್ಲ, ಶುಲ್ಕವಿಲ್ಲದ ಸಾರ್ವಜನಿಕ ಶಾಲೆ. ಆದರೆ ಇಲ್ಲಿ ಸೇರಬೇಕಾದರೆ ಈ ಊರಿನಲ್ಲಿ ವಾಸವಿರಬೇಕು. ಇಲ್ಲಿಯ ಮನೆಯ ಬೆಲೆಯೇ ನಿಜವಾದ ಪ್ರವೇಶ ಶುಲ್ಕ. ಶಾಲೆಯ ಹಣ ಬಹುಪಾಲು ಬರುವುದೂ ಆಸ್ತಿ ತೆರಿಗೆಯಿಂದಲೇ. ಹಿಂದೆ ಕರಿಯರಿಗೆ ಇಲ್ಲಿ ಮನೆ ಸಿಗುವುದೇ ದುರ್ಲಭವಾಗಿತ್ತು. 1965ರ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ಅವರು ಇದೇ ಊರಿನ ಹಸಿರು ಬಯಲಿನಲ್ಲಿ ಸಹಸ್ರಾರು ಜನರೆದುರು ನಿಂತು ಆ ಅನ್ಯಾಯದ ವಿರುದ್ಧ ಮಾತನಾಡಿದರು. 1991ರಲ್ಲಿ ಜೊನಾಥನ್ ಕೋಜಲ್ ಎಂಬ ಲೇಖಕರು ಈ ಊರಿನ ಮಕ್ಕಳು ಮುಂದೆ ಸೇರುವ ನ್ಯೂ ಟ್ರಿಯರ್ ಪ್ರೌಢಶಾಲೆಯನ್ನು ಶಿಕಾಗೊ ನಗರದ ಬಡ ಶಾಲೆಗಳ ಪಕ್ಕದಲ್ಲಿರಿಸಿ ತೋರಿಸಿದರು. ಬಡ ಪ್ರದೇಶಗಳ ಶಾಲೆಗೆ ಹೆಚ್ಚು ಹಣ ಹರಿಯಬೇಕೆಂಬ ಕಾನೂನನ್ನು ಇಲಿನಾಯ್ ರಾಜ್ಯ ಮಾಡಿದುದು 2017ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರು ಕಳೆದಿರಲಿಲ್ಲ!

ಇಷ್ಟಾಗಿಯೂ ಒಂದು ಸಂಗತಿ ನನ್ನನ್ನು ಕಾಡಿತು. ಆ ಊರಿನ ವಕೀಲ, ವೈದ್ಯ, ವ್ಯಾಪಾರಿಗಳ ಎಷ್ಟೋ ಮಕ್ಕಳು ಓದುವುದು ಊರಿನ ಈ ಸಾರ್ವಜನಿಕ ಶಾಲೆಯಲ್ಲಿಯೇ. ಗೋಡೆ ಬಿರುಕು ಬಿಟ್ಟರೆ ಕೇಳುವ ಬಾಯಿಗಳಿವೆ. ನಮ್ಮಲ್ಲಿ?

ಮಗು ತನ್ನ ವೇಗದಲ್ಲಿ ಕಲಿಯಬೇಕೆಂಬ ತತ್ತ್ವ ನಮ್ಮ ಸರ್ಕಾರಿ ಶಾಲೆಗಳಲ್ಲಿ ಇಲ್ಲವೆಂದು ತಿಳಿಯಬೇಡಿರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಪ್ರಯೋಗವನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿಯನ್ನು ಆರಂಭಿಸಿದರು. 2009–10ರ ವೇಳೆಗೆ ಅದು ರಾಜ್ಯದಾದ್ಯಂತ ಹಬ್ಬಿತು. ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ತೆಗೆದುಕೊಂಡು ತನ್ನ ಗುಂಪಿನ ತಟ್ಟೆಯ ಬಳಿ ಕೂರುತ್ತದೆ. ಕಪ್ಪುಹಲಗೆ ಗೋಡೆಯ ಕೆಳಭಾಗದಲ್ಲಿ, ಕುಳಿತ ಮಗುವಿಗೆ ಎಟುಕುವಂತಿದೆ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಕಲಿಕಾ ಚಪ್ಪರ. ಕ್ರೋ ಐಲೆಂಡಿನ ಮರದ ಗೋಡೆ ಮಾಡುವ ಕೆಲಸವನ್ನು ಇಲ್ಲಿ ನಾಲ್ಕು ಮೊಳ ಹಗ್ಗ ಮಾಡುತ್ತದೆ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬ ಶಿಕ್ಷಕಿ ನಡೆಸಬೇಕಾದ ಕಷ್ಟವೂ ಅಲ್ಲಿದೆ, ನಿಜ.

ಮರಳಿ ಬಂದ ಮೇಲೆ ನಮ್ಮೂರಿನ ಶಾಲೆಯ ಅಂಥ ಕೋಣೆಯಲ್ಲಿ ಒಂದು ಬೆಳಗು ಕುಳಿತಿದ್ದೆ. ಹನ್ನೊಂದು ಮಕ್ಕಳಿದ್ದರು. ನಮ್ಮ ಬಂಧುಬಳಗದ ಮಕ್ಕಳನ್ನು ಹದಿನಾಲ್ಕು ಮೈಲಿ ದೂರದ ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ಯುವ ಹಳದಿ ಬಸ್ಸು ಅದೇ ಶಾಲೆಯ ಗೇಟಿನ ಮುಂದೆ ನಿಂತಿತ್ತು.