ಒಡೆದ ಗಾಜಿನಲ್ಲಿ ಇಡೀ ರೈಲು

ನಮ್ಮ ಸೌತ್‌ಫೀಲ್ಡಿನಿಂದ ಸುಮಾರು 30 ಮೈಲಿ ದೂರದಲ್ಲಿ ವಿಲ್ಲೋ ರನ್ ಇದೆ. ಎರಡನೆಯ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರುಗಳನ್ನು ಮಾಡಿದ ಸ್ಥಳವೆಂದು ಈ ಕಡೆಯವರೆಲ್ಲ ಬಲ್ಲರು. ಯುದ್ಧ ಮುಗಿದ ಮೇಲೆ ಅಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪ್ರಯೋಗಾಲಯವಿತ್ತೆಂಬ ಸಂಗತಿ ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಡೆಟ್ರಾಯಿಟಿನಲ್ಲೇ ಹುಟ್ಟಿದ ಎಮ್ಮೆಟ್ ಲೀತ್ ಎಂಬುವರು 1950ರ ದಶಕದಲ್ಲಿ ಅಲ್ಲಿ ರೇಡಾರ್ ಕೆಲಸದಲ್ಲಿದ್ದರು. ವಿಮಾನದ ರೇಡಾರಿಗೆ ಬಂದ ಪ್ರತಿಧ್ವನಿಯನ್ನು ಫಿಲ್ಮಿನ ಮೇಲೆ ದಾಖಲಿಸಿದರೆ ಕಣ್ಣಿಗೆ ಬರೀ ಗೀಚು. ಅದರಿಂದ ನೆಲದ ಚಿತ್ರ ತೆಗೆಯುವಷ್ಟು ಲೆಕ್ಕ ಅಂದಿನ ಕಂಪ್ಯೂಟರುಗಳಿಗೆ ಆಗದ ಮಾತು. ಫಿಲ್ಮಿನ ಮೂಲಕ ಬೆಳಕು ಹಾಯಿಸಿ ಮುಂದೆ ಮಸೂರಗಳನ್ನಿಟ್ಟರೆ, ಲೆಕ್ಕವನ್ನೆಲ್ಲ ಗಾಜೇ ಒಂದೇ ಏಟಿಗೆ ಮಾಡಿಬಿಡುತ್ತದೆ! ಇದೇ ದಾರಿಯಲ್ಲಿ ಮುಂದೆ ಹೋಗಿ, ಲಾಟ್ವಿಯಾದಲ್ಲಿ ಹುಟ್ಟಿ ಇಲ್ಲಿಗೆ ಬಂದ (ನಮ್ಮ ಹಾಗೆಯೇ ವಲಸಿಗರು) ಯೂರಿಸ್ ಉಪಾಟ್ನಿಕ್ಸರ ಜೊತೆಗೂಡಿ, 1964ರಲ್ಲಿ ಆಟದ ರೈಲೊಂದರ ಹೊಲೊಗ್ರಾಮ್ ತೋರಿಸಿದರು. ರೈಲಿನ ಒಂದೊಂದು ಬಿಂದುವಿನ ಬೆಳಕೂ ತಟ್ಟೆಯ ತುಂಬ ಹರಡಿರುವುದರಿಂದ, ಅಂಥ ತಟ್ಟೆ ಒಡೆದರೂ ಚೂರಿನಲ್ಲಿ ಇಡೀ ರೈಲು ಕಾಣುತ್ತದೆ. ಸ್ವಲ್ಪ ಮಸುಕಾಗಿ, ಸಣ್ಣ ಕಿಂಡಿಯಿಂದ ಇಣುಕಿದ ಹಾಗೆ.

1982ರಲ್ಲಿ ಜಾನ್ ಹಾಪ್‌ಫೀಲ್ಡ್ ವಿವರಿಸಿದ ನರಜಾಲದಲ್ಲಿಯೂ ನೆನಪು ಒಂದು ಕಡೆ ಕೂತಿರುವುದಿಲ್ಲ. ಕೋಶಕೋಶಗಳ ನಡುವಿನ ಕೊಂಡಿಗಳಲ್ಲಿ ಹರಡಿರುತ್ತದೆ. ಅರ್ಧ ಕೊಟ್ಟರೆ ಪೂರ್ತಿ ಹೇಳುತ್ತದೆ. ಆದರೆ 100 ಕೋಶಕ್ಕೆ ಸುಮಾರು 15 ನೆನಪು ಮೀರಿದರೆ, ಇಲ್ಲವೆ ಎರಡು ನೆನಪು ತೀರ ಹತ್ತಿರವಾದರೆ, ಒಂದರ ಬದಲು ಇನ್ನೊಂದಕ್ಕೆ ಜಾರುತ್ತದೆ. ಈ ಕೆಲಸಕ್ಕೆ ಅವರಿಗೆ 2024ರಲ್ಲಿ ನೊಬೆಲ್ ಬಂತು. 1985ರಲ್ಲಿ ಫರ್ಹತ್, ಸಾಲ್ಟಿಸ್ ಮತ್ತು ಜೊತೆಗಾರರು ಇಂಥದೇ 32 ಕೋಶಗಳ ಜಾಲವನ್ನು ಬೆಳಕಿನಲ್ಲಿ ಕಟ್ಟಿದರು. ಬೆಳಕಿನ ಕಿರಣಗಳು ಒಂದನ್ನೊಂದು ದಾಟಿದರೂ ತಂತಿಗಳಂತೆ ಸಿಕ್ಕುಬೀಳುವುದಿಲ್ಲ, ಅದು ಲಾಭ. ಒಂದರ ಮಾತನ್ನು ಇನ್ನೊಂದು ಕೇಳುವುದೂ ಇಲ್ಲ, ಅದು ತೊಡಕು. ‘ಹೌದು’, ‘ಅಲ್ಲ’ ಎಂದು ತೀರ್ಮಾನಿಸಲು ಮತ್ತೆ ವಿದ್ಯುತ್ತಿನ ಕಾಲಿಗೇ ಬೀಳಬೇಕು.

ಮಿದುಳೇ ಒಂದು ಹೊಲೊಗ್ರಾಮ್ ಎನ್ನುವವರ ಮಾತು ನಮಗೆ ಹಿಡಿಸದು. ಆದರೂ ಇವನ್ನೆಲ್ಲ ಓದುವಾಗ ಹಾಸನದಲ್ಲಿರುವ ತಾಯಿಯವರು ನೆನಪಾಗುತ್ತಾರೆ. ಲಕ್ವ ಹೊಡೆದ ಮೇಲೆ ಅವರಿಗೆ ಹೆಸರುಗಳು ಸಿಗುತ್ತಿಲ್ಲ. ನಮ್ಮ ಮಗನನ್ನು, ಎಂದೋ ತೀರಿಕೊಂಡ ತಮ್ಮನ ಹೆಸರು ಹಿಡಿದು ಕರೆಯುತ್ತಾರೆ. ಹುಡುಗ ಮೊದಮೊದಲು ಫೋನು ನಮ್ಮ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದ. ಹಳೆಯ ಫೋಟೋದಲ್ಲಿ ಆ ಸೋದರಮಾವನ ಮುಖ ತೋರಿಸಿದೆವು. ಅದೇ ಕಿವಿ, ಅದೇ ಮೂಗು. ಈಗ ಭಾನುವಾರಕ್ಕೆಂದು ಗಾದೆಗಳನ್ನು ಬರೆದಿಟ್ಟುಕೊಳ್ಳುತ್ತಾನೆ.

“ಅಜ್ಜೀ, ಕೈ ಕೆಸರಾದರೆ?”

ತುಸು ಹೊತ್ತು ಆ ಕಡೆಯಿಂದ ಉಸಿರು ಮಾತ್ರ. ಆಮೇಲೆ, “ಬಾಯಿ ಮೊಸರು ಕಣೋ,” ಎಂದು ನಗುತ್ತಾರೆ. ಕರೆಯುವುದು ಅದೇ ತಮ್ಮನ ಹೆಸರಿನಿಂದ. ಇವನು “ಹ್ಞೂಂ ಅಜ್ಜಿ” ಎಂದು ಮುಂದಿನ ಗಾದೆಗೆ ಹೋಗುತ್ತಾನೆ.